ಜಾತಿಯ ಕಾಲಂ ಅಳಿಸಿದರೆ ಭೇದಭಾವ ಅಳಿಯುತ್ತದೆಯೇ?

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಮೊಮ್ಮಗಳು ಬೆಂಗಳೂರಿನಲ್ಲಿ ಎಐ ವಿಭಾಗದಲ್ಲಿ ಬಿ.ಇ. ಓದುತ್ತಿದ್ದಾಳೆ. ಹೈಸ್ಕೂಲ್ ಮಕ್ಕಳಲ್ಲಿ ಯಾರು ಶಾಲೆ ಬಿಡುವ ಸಂಭವ ಇದೆ ಎಂದು ಮೊದಲೇ ಹೇಳುವ ಸಾಫ್ಟ್‌ವೇರ್ ಅವಳ ಕೊನೆಯ ವರ್ಷದ ಪ್ರಾಜೆಕ್ಟು. "ಜಾತಿಯ ಕಾಲಂ ತೆಗೆದುಹಾಕಿದ್ದೀನಿ ತಾತ, ಇನ್ನು ಭೇದಭಾವದ ಮಾತೇ ಇಲ್ಲ" ಅನ್ನುತ್ತಾಳೆ. ಅವಳ ಗೈಡ್ ಮಾತ್ರ ರೂಹಾ ಬೆಂಜಮಿನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆಯ ಪುಸ್ತಕ ಓದಿಕೊಂಡು ಬಾ ಅಂದರಂತೆ. ನಾನೂ ಒಂದಿಷ್ಟು ತಿರುವಿ ಹಾಕಿದೆ. ಕಪ್ಪು ಜನರ ಕಷ್ಟ ನಿಜ, ಒಪ್ಪುತ್ತೇನೆ. ಆದರೆ ಗಣಿತಕ್ಕೆ ಬಣ್ಣ ಎಲ್ಲಿಂದ ಬಂತು? ಇದು ವಿಜ್ಞಾನವೋ ಚಳವಳಿಯೋ? ನಮಗೂ ಇದಕ್ಕೂ ಏನು ಸಂಬಂಧ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಗಣಿತಕ್ಕೆ ಬಣ್ಣವಿಲ್ಲ. ಬೆಂಜಮಿನ್ ಅವರೂ ಇದೆ ಅನ್ನುವುದಿಲ್ಲ. ಅವರು ಕೈಯಿಡುವುದು ಗಣಿತ ಶುರುವಾಗುವುದಕ್ಕೆ ಒಂದು ಹೆಜ್ಜೆ ಮೊದಲು. ನಮಗೆ ತಿಳಿಯಬೇಕಾದದ್ದು ಒಂದು. ಅದನ್ನು ಅಳೆಯುವುದು ಕಷ್ಟ. ಹಾಗಾಗಿ ಅದರ ಬದಲಿಗೆ ಸುಲಭವಾಗಿ ಸಿಗುವ ಇನ್ನೊಂದನ್ನು ಅಳೆಯುತ್ತೇವೆ. ಆ ಬದಲಿಯನ್ನು ಆರಿಸಿದವರು ಯಾರು, ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದು ಲೆಕ್ಕದೊಳಗೆ ಕಾಣಿಸುವುದಿಲ್ಲ. ಲೆಕ್ಕ ಸರಿಯಾಗಿಯೇ ಇರುತ್ತದೆ.

ಮೊದಲು ಅವರ ಪರಿಚಯ. ರೂಹಾ ಬೆಂಜಮಿನ್ ಹುಟ್ಟಿದ್ದು 1978ರಲ್ಲಿ, ಮಹಾರಾಷ್ಟ್ರದ ವಾಯಿಯಲ್ಲಿ. ಕೃಷ್ಣೆ ನಮ್ಮ ಕಡೆಗೆ ಇಳಿಯುವ ಮೊದಲು ಹಾದುಬರುವ ಊರು ಅದು. ತಂದೆ ಆಫ್ರಿಕನ್ ಅಮೆರಿಕನ್, ತಾಯಿಯದು ಭಾರತ ಮತ್ತು ಪರ್ಷಿಯಾ ಎರಡರ ಬೇರೂ ಇರುವ ಮನೆತನ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಿಎಚ್‌ಡಿ. ಈಗ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕಿ. 2024ರಲ್ಲಿ ಅಮೆರಿಕದ ಪ್ರತಿಷ್ಠಿತ ಮೆಕಾರ್ಥರ್ ಫೆಲೋಶಿಪ್ ಬಂತು. ಜನ ಅವರನ್ನು ಎಐ ವಿಮರ್ಶಕಿ ಎಂದು ಗುರುತಿಸುತ್ತಾರೆ, ಆದರೆ ಅವರ ಮೊದಲ ಕೆಲಸ ಕಂಪ್ಯೂಟರ್ ಮೇಲಲ್ಲ, ದೇಹದ ಬೇರೆಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಾದ ಸ್ಟೆಮ್ ಸೆಲ್ ಮೇಲೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸ್ಟೆಮ್ ಸೆಲ್ ಸಂಶೋಧನೆಗೆಂದು 300 ಕೋಟಿ ಡಾಲರ್ ಸಾಲ ಎತ್ತಲು ಮತ ಹಾಕಿದರು. ಜನರ ದುಡ್ಡಿನಿಂದ ನಡೆಯುವ ವಿಜ್ಞಾನದ ಫಲ ಯಾವ ಜನರಿಗೆ ಸೇರುತ್ತದೆ ಎಂಬುದು ಅವರ 2013ರ ಪುಸ್ತಕದ ವಿಷಯ. ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ) ರೋಗಿಗಳ ಕುಟುಂಬಗಳು ಹೊಸ ಚಿಕಿತ್ಸೆಗೆ ಯಾಕೆ ಹಿಂದೆಮುಂದೆ ನೋಡುತ್ತವೆ ಎಂದು ಅವರು ಅಲ್ಲಿ ಕೂತು ಕೇಳಿಸಿಕೊಂಡಿದ್ದಾರೆ. ವೈದ್ಯರ ಕಣ್ಣಿಗೆ ಅದು ಅಜ್ಞಾನ. ಆ ಮನೆಯವರಿಗೆ ಹಿಂದಿನ ಅನುಭವ ಕಲಿಸಿದ ಎಚ್ಚರ. ನನಗೆ ಅವರ ಬರಹದಲ್ಲಿ ಈ ಭಾಗವೇ ಹೆಚ್ಚು ಇಷ್ಟ. ಅಷ್ಟು ಪ್ರಸಿದ್ಧವಲ್ಲ, ಆದರೆ ಹೆಚ್ಚು ಗಟ್ಟಿ.

ನಿಮ್ಮ ಮೊಮ್ಮಗಳ ಗೈಡ್ ಹೇಳಿದ್ದು ಬಹುಶಃ 2019ರ 'ರೇಸ್ ಆಫ್ಟರ್ ಟೆಕ್ನಾಲಜಿ'. ಅದರಲ್ಲಿ ಅವರು 'ನ್ಯೂ ಜಿಮ್ ಕೋಡ್' ಎಂಬ ಹೆಸರು ಕೊಡುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 1960ರ ದಶಕದವರೆಗೂ ಶಾಲೆ, ಬಸ್ಸಿನ ಸೀಟು, ಆಸ್ಪತ್ರೆಯ ವಾರ್ಡು ಎಲ್ಲವನ್ನೂ ಬೇರೆಬೇರೆ ಇಟ್ಟ ಕಾನೂನುಗಳಿಗೆ 'ಜಿಮ್ ಕ್ರೋ' ಎಂದು ಹೆಸರಿತ್ತು. ಆಗ ಬಾಗಿಲಲ್ಲೇ ಬೋರ್ಡು ಇರುತ್ತಿತ್ತು, ಬಡಿದಾಡಲು ಎದುರಿಗೆ ಒಂದು ವಸ್ತುವಿತ್ತು. ಈಗ ಬೋರ್ಡಿಲ್ಲ, ಸರದಿ ತಾನಾಗಿ ಹಿಂದುಮುಂದಾಗುತ್ತದೆ, ವಿಚಾರಿಸಿದರೆ 'ಸಿಸ್ಟಂ ಹಾಗೆ ತೋರಿಸ್ತಿದೆ' ಅನ್ನುತ್ತಾರೆ. ಕಂಪ್ಯೂಟರ್ ಕೋಡಿನೊಳಗೆ ಅಡಗಿದ ಈ ಭೇದವೇ 'ನ್ಯೂ ಜಿಮ್ ಕೋಡ್'.

ಇದಕ್ಕೆ ಪುರಾವೆ ಏನು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅತ್ಯುತ್ತಮ ಪುರಾವೆ ಆ ಪುಸ್ತಕದಲ್ಲಿಲ್ಲ. ಅದು 2019ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ. ಜಿಯಾದ್ ಓಬರ್‌ಮಯರ್ ಎಂಬ ವೈದ್ಯ, ತಮಿಳುನಾಡಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲೈನಾಥನ್ ಮತ್ತು ಇಬ್ಬರು ಸಂಗಡಿಗರು ಬರೆದದ್ದು. ಅದೇ ಸಂಚಿಕೆಯಲ್ಲಿ ಅದರ ಮೇಲೆ ಟಿಪ್ಪಣಿ ಬರೆದವರು ಬೆಂಜಮಿನ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಿಮ್ಮ ಮೊಮ್ಮಗಳ ಪ್ರಾಜೆಕ್ಟಿನ ಉತ್ತರ ಇಲ್ಲೇ ಇದೆ.

ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ, ಬಹಳ ಕಾಯಿಲೆ ಇರುವ ರೋಗಿಗಳಿಗೆ ಹೆಚ್ಚುವರಿ ಆರೈಕೆಯ ವ್ಯವಸ್ಥೆ ಇದೆ. ಮೀಸಲು ನರ್ಸು, ಬೇಗ ಅಪಾಯಿಂಟ್‌ಮೆಂಟು, ಫೋನ್ ಮಾಡಿ ವಿಚಾರಿಸುವವರು, ಹೀಗೆ. ಎಲ್ಲರಿಗೂ ಕೊಡುವಷ್ಟು ದುಡ್ಡಿಲ್ಲವಾದ್ದರಿಂದ ಯಾರಿಗೆ ಕೊಡಬೇಕೆಂದು ಒಂದು ಸಾಫ್ಟ್‌ವೇರ್ ಪ್ರತಿ ರೋಗಿಗೂ ಅಂಕ ಹಾಕುತ್ತದೆ. ಇಂಥ ಸಾಫ್ಟ್‌ವೇರುಗಳ ಜರಡಿಯಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 20 ಕೋಟಿ ಜನ ಹಾದುಹೋಗುತ್ತಾರೆ. ಸಂಶೋಧಕರು ಒಂದು ಆಸ್ಪತ್ರೆಯ ಸುಮಾರು 50 ಸಾವಿರ ರೋಗಿಗಳ ದಾಖಲೆ ತೆಗೆದು ನೋಡಿದರು. ಸಾಫ್ಟ್‌ವೇರಿಗೆ ರೋಗಿಯ ಜನಾಂಗ ಯಾವುದೆಂದು ಹೇಳಿಯೇ ಇರಲಿಲ್ಲ. ನಿಮ್ಮ ಮೊಮ್ಮಗಳು ಮಾಡಿದ ಹಾಗೆ ಆ ಕಾಲಂ ಹೊರಗಿತ್ತು.

ಆದರೂ ಒಂದೇ ಅಂಕ ಬಂದ ಬಿಳಿಯ ಮತ್ತು ಕಪ್ಪು ರೋಗಿಗಳನ್ನು ಪಕ್ಕಪಕ್ಕ ಇಟ್ಟರೆ ಕಪ್ಪು ರೋಗಿಗೆ ಕಾಯಿಲೆ ಹೆಚ್ಚು. ಆರೈಕೆಗೆ ತಾನಾಗಿ ಆಯ್ಕೆಯಾಗುವ ಗಡಿಯಲ್ಲಿ ಕಪ್ಪು ರೋಗಿಗಳಿಗೆ ಸರಾಸರಿ 4.8 ದೀರ್ಘಕಾಲದ ಕಾಯಿಲೆಗಳಿದ್ದರೆ ಬಿಳಿಯರಿಗೆ 3.8. ಅಂದರೆ ಅದೇ ಬಾಗಿಲು ದಾಟಲು ಕಪ್ಪು ಮನುಷ್ಯ ಇನ್ನೂ ಒಂದು ಕಾಯಿಲೆ ಹೆಚ್ಚಿಗೆ ಹೊತ್ತು ಬರಬೇಕಿತ್ತು. ಇದನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಎಲ್ಲಿ ಎಡವಟ್ಟಾಯಿತು? ಸಾಫ್ಟ್‌ವೇರ್ ಹೇಳಬೇಕಾದದ್ದು 'ಯಾರಿಗೆ ಹೆಚ್ಚು ಕಾಯಿಲೆ' ಎಂಬುದು. ಕಾಯಿಲೆಯನ್ನು ಅಳೆಯುವುದು ಕಷ್ಟ. ಬಿಲ್ಲು ಮಾತ್ರ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಇರುತ್ತದೆ. ಹಾಗಾಗಿ 'ಮುಂದಿನ ವರ್ಷ ಯಾರಿಗೆ ಹೆಚ್ಚು ಖರ್ಚು' ಎಂದು ಊಹಿಸಲು ಕಲಿಸಿದರು. ಕಾಯಿಲೆ ಹೆಚ್ಚಾದರೆ ಖರ್ಚು ಹೆಚ್ಚು, ಇದರಲ್ಲಿ ತಪ್ಪೇನಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಷ್ಟೇ ಕಾಯಿಲೆ ಇರುವ ಕಪ್ಪು ರೋಗಿಯ ಮೇಲೆ ಆಗುತ್ತಿದ್ದ ಖರ್ಚು ವರ್ಷಕ್ಕೆ ಸುಮಾರು 1,800 ಡಾಲರ್ ಕಡಿಮೆ. ಆಸ್ಪತ್ರೆ ದೂರ, ಕೆಲಸಕ್ಕೆ ರಜೆ ಸಿಗುವುದಿಲ್ಲ, ವೈದ್ಯರು ಪರೀಕ್ಷೆ ಬರೆಯುವುದೇ ಕಡಿಮೆ. ಜೊತೆಗೆ ಹಳೆಯ ಅಪನಂಬಿಕೆ: ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆಯನ್ನೇ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ಸರ್ಕಾರಿ ವೈದ್ಯರು ನೋಡುತ್ತಾ ಕೂತಿದ್ದರು. ಅದನ್ನು ಯಾರು ಮರೆಯುತ್ತಾರೆ? ಇಷ್ಟೂ ಚರಿತ್ರೆ ಒಂದು ಖರ್ಚಿನ ಕಾಲಂ ಒಳಗೆ ಬಂದು ಕೂತಿತ್ತು. ಜನಾಂಗದ ಕಾಲಂ ಅಳಿಸಿದವರು ಖರ್ಚಿನ ಕಾಲಂ ಉಳಿಸಿಕೊಂಡಿದ್ದರು.

ಬೆಂಜಮಿನ್ ಅವರ ಟಿಪ್ಪಣಿ ಇಲ್ಲಿ ಒಂದು ಸೂಕ್ಷ್ಮ ತೆಗೆಯುತ್ತದೆ. ಕಪ್ಪು ರೋಗಿಗಳಿಗೆ 'ಖರ್ಚು ಕಡಿಮೆ' ಅನ್ನುವ ಮಾತೇ ದಾರಿ ತಪ್ಪಿಸುತ್ತದೆ, ಅವರಿಗೆ ಕೊಡುವ ಬೆಲೆ ಕಡಿಮೆ ಅನ್ನಬೇಕು ಎನ್ನುತ್ತಾರೆ. ಇದು ಭಾಷಣದ ಮಾತಿನಂತೆ ಕಂಡರೂ ಹಾಗಲ್ಲ. 'ಖರ್ಚು ಕಡಿಮೆ' ಎಂದಾಗ ಗುಣ ರೋಗಿಯದಾಗುತ್ತದೆ. 'ಬೆಲೆ ಕಡಿಮೆ' ಎಂದಾಗ ಆಸ್ಪತ್ರೆ, ವಿಮಾ ಕಂಪನಿ, ಸರ್ಕಾರ ಚಿತ್ರದೊಳಗೆ ಬರುತ್ತವೆ. ತಪ್ಪನ್ನು ಎಲ್ಲಿ ಹುಡುಕಬೇಕು ಎಂಬ ದಿಕ್ಕೇ ಬದಲಾಗುತ್ತದೆ. ಅಂದಹಾಗೆ ಆ ಸಂಶೋಧಕರು ತಯಾರಕರ ಜೊತೆ ಕೂತು, ಬರೀ ಖರ್ಚಿನ ಬದಲು ಆರೋಗ್ಯವನ್ನೂ ಊಹಿಸುವಂತೆ ಗುರಿ ಬದಲಿಸಿ ನೋಡಿದರು. ಪಕ್ಷಪಾತ ಶೇ 84ರಷ್ಟು ಇಳಿಯಿತು.

ಹಾಗಾದರೆ ಜನಾಂಗದ ಕಾಲಂ ಸೇರಿಸಿಬಿಟ್ಟರೆ ಸರಿಹೋಗುತ್ತದೆಯೇ? ಅದೂ ಇಲ್ಲ. ಕಿಡ್ನಿಯ ಲೆಕ್ಕ ನೋಡಿ, ನಿಮಗೆ ಇದು ಹಿಡಿಸುತ್ತದೆ. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತದೆ ಎಂಬುದನ್ನು ನೇರವಾಗಿ ಅಳೆಯುವುದು ತ್ರಾಸದ ಕೆಲಸ. ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಎಷ್ಟಿದೆ ಎಂದು ನೋಡಿ ಸೂತ್ರದಿಂದ ಅಂದಾಜು ಮಾಡುತ್ತಾರೆ. ಅಂದಾಜಿನ ಅಂಕಿ ಇಳಿದಷ್ಟೂ ಕಿಡ್ನಿ ಕೆಟ್ಟಿದೆ ಎಂದರ್ಥ. ಅಮೆರಿಕದಲ್ಲಿ 1999ರ ಸೂತ್ರದಲ್ಲೂ 2009ರ ಸುಧಾರಿತ ಸೂತ್ರದಲ್ಲೂ ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು ಒಂದು ಗುಣಕದಿಂದ ಗುಣಿಸಬೇಕಿತ್ತು. 2009ರದ್ದು 1.159. ಕಪ್ಪು ಜನರಲ್ಲಿ ಸ್ನಾಯು ಹೆಚ್ಚು, ಆದ್ದರಿಂದ ಕ್ರಿಯಾಟಿನಿನ್ ಹೆಚ್ಚು ಎಂಬುದು ಕೊಟ್ಟ ಕಾರಣ. ಅಲ್ಲಿ ಕಿಡ್ನಿ ಕಸಿಯ ಸರದಿಯಲ್ಲಿ ನಿಮ್ಮ ಕಾಯುವ ಕಾಲ ಎಣಿಕೆಗೆ ಬರಬೇಕಾದರೆ ಈ ಅಂದಾಜಿನ ಅಂಕಿ 20 ಅಥವಾ ಅದಕ್ಕಿಂತ ಕೆಳಗಿರಬೇಕು. ಇಬ್ಬರು ರೋಗಿಗಳಿಗೂ 18 ಬಂತು ಅನ್ನಿ. ಬಿಳಿಯರ ಎಣಿಕೆ ಶುರು. ಕಪ್ಪು ರೋಗಿಯದು 18 × 1.159, ಹತ್ತಿರ ಹತ್ತಿರ 20.9. ಅವರಿನ್ನೂ ಬಾಗಿಲ ಹೊರಗೆ. ತಾಯಿ ಬಿಳಿಯರು, ತಂದೆ ಕಪ್ಪು ಆದರೆ ಯಾವುದರಿಂದ ಗುಣಿಸಬೇಕು? ಸೂತ್ರ ಹೇಳುವುದಿಲ್ಲ. ಸ್ನಾಯುವೇ ಕಾರಣವಾದರೆ ಸ್ನಾಯು ಅಳೆಯಬಹುದಿತ್ತಲ್ಲ. ದಪ್ಪ ಬಿಳಿಯ ಪೈಲ್ವಾನನಿಗೂ ಬಡಕಲು ಕಪ್ಪು ಅಜ್ಜಿಗೂ ಅದು ಸರಿಹೋಗುತ್ತಿತ್ತು. 2021ರಲ್ಲಿ ಅಲ್ಲಿನ ಕಿಡ್ನಿ ತಜ್ಞರ ಸಂಸ್ಥೆಗಳು ಜನಾಂಗವಿಲ್ಲದ ಹೊಸ ಸೂತ್ರವನ್ನು ಶಿಫಾರಸು ಮಾಡಿದವು. ಸ್ನಾಯುವಿಗೆ ಅಷ್ಟಾಗಿ ಸಂಬಂಧವಿಲ್ಲದ ಸಿಸ್ಟಾಟಿನ್ ಸಿ ಪರೀಕ್ಷೆಯನ್ನೂ ಹೆಚ್ಚು ಬಳಸಿ ಎಂದವು. 2023ರ ಜನವರಿಯಿಂದ ಹಳೆಯ ಸೂತ್ರದಿಂದ ಕಾಲ ಕಳೆದುಕೊಂಡ ಕಪ್ಪು ರೋಗಿಗಳಿಗೆ ಆ ಕಾಲವನ್ನು ಸರದಿಯಲ್ಲಿ ಮರಳಿ ಜಮಾ ಮಾಡುವ ಕೆಲಸ ಆರಂಭವಾಯಿತು.

ಒಂದು ಕಡೆ ಜನಾಂಗವನ್ನು ಹೊರಗಿಟ್ಟು ಅನ್ಯಾಯ, ಇನ್ನೊಂದು ಕಡೆ ಒಳಗಿಟ್ಟು ಅನ್ಯಾಯ. ಕಾಲಂ ಇರಬೇಕೋ ಬೇಡವೋ ಎಂಬ ಜಗಳದಿಂದ ಎರಡನ್ನೂ ಬಿಡಿಸಲಾಗುವುದಿಲ್ಲ.

ಶ್ವಾಸಕೋಶದ ಕಥೆ ಇನ್ನೂ ಹಳೆಯದು. ಊದಿಸಿ ಅಳೆಯುವ ಸ್ಪೈರೋಮೀಟರ್ 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂತು. ಅಮೆರಿಕದ ದಕ್ಷಿಣದ ಪ್ಲಾಂಟೇಶನ್‌ಗಳಲ್ಲಿ ವೈದ್ಯನಾಗಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅದನ್ನು ಗುಲಾಮರ ಬಾಯಿಗೆ ಹಿಡಿದು, ಇವರ ಶ್ವಾಸಕೋಶ ದುರ್ಬಲ, ದುಡಿಮೆಯೇ ಇವರಿಗೆ ಮದ್ದು ಎಂದು ಬರೆದ. ಗುಲಾಮರು ಓಡಿಹೋಗುವುದನ್ನೂ ಒಂದು ಮಾನಸಿಕ ಕಾಯಿಲೆ ಎಂದು ಹೆಸರಿಟ್ಟವನು ಇವನೇ. ಆ 'ದುರ್ಬಲ ಶ್ವಾಸಕೋಶ'ದ ತಿದ್ದುಪಡಿ ಇಪ್ಪತ್ತೊಂದನೇ ಶತಮಾನದ ಯಂತ್ರಗಳೊಳಗೂ ಉಳಿದುಕೊಂಡಿತ್ತು: 'ಸಹಜ' ಎಂದು ಇಟ್ಟುಕೊಂಡ ಅಳತೆಯಲ್ಲಿ ಕಪ್ಪು ಜನರಿಗೆ ಶೇ 10ರಿಂದ 15, ಏಷ್ಯಾದವರಿಗೆ ಶೇ 4ರಿಂದ 6 ಕಡಿತ. ಹೌದು, ನಾವೂ ಆ ಪಟ್ಟಿಯಲ್ಲಿದ್ದೇವೆ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಕಲ್ನಾರಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರ ಮೊಕದ್ದಮೆಯಲ್ಲಿ, ಕಪ್ಪು ಕಾರ್ಮಿಕರ ಸಾಮರ್ಥ್ಯ ಹುಟ್ಟಾ ಕಡಿಮೆ ಇರುವುದರಿಂದ ಅವರು ಇನ್ನೂ ಹೆಚ್ಚು ಹಾನಿ ತೋರಿಸಬೇಕು ಎಂದು ಕಂಪನಿಯ ಕಡೆಯವರು ವಾದಿಸಿದ್ದರು. ಅಮೆರಿಕದ ಶ್ವಾಸಕೋಶ ತಜ್ಞರ ಸಂಸ್ಥೆ ಜನಾಂಗವಿಲ್ಲದ ಲೆಕ್ಕವನ್ನು ಶಿಫಾರಸು ಮಾಡಿದ್ದು 2023ರಲ್ಲಿ.

ಇನ್ನು 'ವಿಜ್ಞಾನವೋ ಚಳವಳಿಯೋ' ಎಂಬ ಪ್ರಶ್ನೆ. ಬೆಂಜಮಿನ್ ಎರಡೂ ಹೌದು, ಮುಚ್ಚಿಟ್ಟಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಅವರು ಕಟ್ಟಿದ ಡೇಟಾ ಲ್ಯಾಬಿಗೆ ಐಡಾ ಬಿ. ವೆಲ್ಸ್ ಹೆಸರಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಘಟನೆಗಳನ್ನು ಒಂದೊಂದಾಗಿ ದಾಖಲಿಸಿ, ಅಂಕಿಅಂಶ ಮುಂದಿಟ್ಟು ಹೋರಾಡಿದ ಪತ್ರಕರ್ತೆ ವೆಲ್ಸ್. ಅವರ ಮೊಮ್ಮಗ ಟ್ರಾಯ್ ಡಸ್ಟರ್ ಈ ಶಾಸ್ತ್ರದ ಹಿರಿಯರಲ್ಲೊಬ್ಬರು. ಜೀನ್ ಪರೀಕ್ಷೆಗಳ ಹಿಂಬಾಗಿಲಿನಿಂದ, 'ಒಳ್ಳೆಯ' ವಂಶದವರಷ್ಟೇ ಬೆಳೆಯಲಿ ಎನ್ನುವ ಹಳೆಯ ವಂಶಸುಧಾರಣೆಯ ವಿಚಾರ ಒಳಬರಬಹುದು ಎಂದು 1990ರಲ್ಲೇ ಎಚ್ಚರಿಸಿದ್ದ ಸಮಾಜಶಾಸ್ತ್ರಜ್ಞ. ಈ ಪರಂಪರೆಯಲ್ಲಿ ಲೆಕ್ಕ ಮತ್ತು ಹೋರಾಟ ಬೇರೆಬೇರೆ ಮನೆ ಮಾಡಿಕೊಂಡಿಲ್ಲ. ಉದ್ದೇಶ ಹೋರಾಟದ್ದಾದ ಮಾತ್ರಕ್ಕೆ ಲೆಕ್ಕ ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ತಾಳೆ ನೋಡಬೇಕು, ಅಷ್ಟೆ.

ತಾಳೆ ನೋಡಿದರೆ ಅವರ 2019ರ ಪುಸ್ತಕದ ಬಗ್ಗೆ ನನಗೊಂದು ತಕರಾರಿದೆ. ಕಪ್ಪು ಕೈಗೆ ಸೋಪು ಸುರಿಯದ ಯಂತ್ರ, ಸೌಂದರ್ಯ ಸ್ಪರ್ಧೆಗೆ ತೀರ್ಪುಗಾರನಾದ ಎಐ, ಪೊಲೀಸರ ಸಾಫ್ಟ್‌ವೇರ್, ಎಲ್ಲವೂ ಒಂದೇ ಚೀಲದಲ್ಲಿ ಬೀಳುತ್ತವೆ. ಅವುಗಳ ಕಾಯಿಲೆ ಒಂದೇ ಅಲ್ಲ. ಸೋಪಿನ ಯಂತ್ರದ್ದು ಬೆಳಕಿನ ಭೌತಶಾಸ್ತ್ರ: ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರುತ್ತದೆ, ಸೆನ್ಸರಿಗೆ ಮರಳುವುದು ಕಡಿಮೆ. ಮುಖ ಗುರುತಿಸುವ ಸಾಫ್ಟ್‌ವೇರುಗಳಲ್ಲಿ ಜಾಯ್ ಬೂಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಕಂಡದ್ದು, ಗಂಡೋ ಹೆಣ್ಣೋ ಎಂದು ಹೇಳುವಲ್ಲಿ ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಹೆಂಗಸರಲ್ಲಿ ಶೇ 34.7ರವರೆಗೆ. ಅದಕ್ಕೆ ಮುಖ್ಯ ಕಾರಣ ಕಲಿಸಲು ಬಳಸಿದ ಫೋಟೊಗಳಲ್ಲಿ ಯಾರು ಇದ್ದರು ಎಂಬುದು. ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಸೆನ್ಸರೂ ಸರಿ, ಡೇಟಾದಲ್ಲಿ ಕಪ್ಪು ಜನರೂ ಇದ್ದರು, ಗುರಿ ತಪ್ಪಾಗಿತ್ತು. ಮೂರಕ್ಕೂ ಔಷಧ ಬೇರೆ. ಪೊಲೀಸರದ್ದಕ್ಕೆ ಬಹುಶಃ ಔಷಧವೇ ಬೇಡ, ಯಂತ್ರವನ್ನೇ ಬಿಡಬೇಕು. ಮುಖ ಇನ್ನೂ ಚೆನ್ನಾಗಿ ಗುರುತಿಸಿದರೆ ಬೇಡದವರ ಮೇಲೆ ಇನ್ನೂ ಚೆನ್ನಾಗಿ ಕಣ್ಣಿಡಬಹುದು, ಅಷ್ಟೇ. ಈ ಕೊನೆಯ ಮಾತನ್ನು ಬೆಂಜಮಿನ್ ಚೆನ್ನಾಗಿ ವಾದಿಸುತ್ತಾರೆ. ಮೊದಲಿನ ವಿಂಗಡಣೆಯನ್ನು ಓದುಗರೇ ಮಾಡಿಕೊಳ್ಳಬೇಕು. ಈ ಕ್ಷೇತ್ರದಲ್ಲಿ ಕೆಲವು ಕಥೆಗಳು ತಾಳೆ ನೋಡದೆಯೂ ತಿರುಗುತ್ತವೆ. ಬಸ್ಸಿನಲ್ಲಿ ಬರುವ ಕಪ್ಪು ಬಡವರನ್ನು ಬೀಚಿನಿಂದ ದೂರ ಇಡಲು ನ್ಯೂಯಾರ್ಕಿನ ರಸ್ತೆ, ಪಾರ್ಕುಗಳನ್ನು ಕಟ್ಟಿಸಿದ ಅಧಿಕಾರಿ ರಾಬರ್ಟ್ ಮೋಸೆಸ್ ಸೇತುವೆಗಳನ್ನು ತಗ್ಗಾಗಿ ಕಟ್ಟಿಸಿದ ಎಂಬುದು ಅಂಥದ್ದು. ಅದು ಅಷ್ಟು ಸರಳವಲ್ಲ ಎಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಮೊಮ್ಮಗಳು ಸೆಮಿನಾರಿನಲ್ಲಿ ಅದನ್ನು ಹೇಳದಿದ್ದರೆ ಒಳ್ಳೆಯದು.

ನಮಗೇನು ಸಂಬಂಧ? 2021ರ ಕೋವಿಡ್ ಎರಡನೇ ಅಲೆಯಲ್ಲಿ ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿರಬೇಕು. 94ರ ಕೆಳಗೆ ಇಳಿದರೆ ಆಸ್ಪತ್ರೆಗೆ ಓಡಬೇಕಿತ್ತು. ಅದು ಬೆರಳಿನ ಮೂಲಕ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರ; ಚರ್ಮದ ಮೆಲನಿನ್ ಆ ಲೆಕ್ಕಕ್ಕೆ ಅಡ್ಡ ಬರುತ್ತದೆ. 2020ರ ಆಗಸ್ಟ್‌ನಲ್ಲಿ ಆಮಿ ಮೋರನ್-ಥಾಮಸ್ ಎಂಬ ಮಾನವಶಾಸ್ತ್ರಜ್ಞೆ ಹಳೆಯ ಅಧ್ಯಯನಗಳನ್ನು ಕೆದಕಿ ಈ ಬಗ್ಗೆ ಒಂದು ಲೇಖನ ಬರೆದರು. ಅದನ್ನು ಓದಿದ ಮಿಷಿಗನ್‌ನ ವೈದ್ಯರು ತಮ್ಮ ಆಸ್ಪತ್ರೆಯ ದಾಖಲೆ ತೆಗೆದರು. ಆಕ್ಸಿಮೀಟರ್ 92ರಿಂದ 96 ತೋರಿಸಿದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ 3.6 ಬಾರಿ, ಕಪ್ಪು ರೋಗಿಗಳಲ್ಲಿ ಶೇ 11.7 ಬಾರಿ. ಇಂಥ ಯಂತ್ರದ ಪರೀಕ್ಷೆಗೆ ಅಮೆರಿಕದ ಔಷಧ, ಉಪಕರಣಗಳ ಉಸ್ತುವಾರಿ ಸಂಸ್ಥೆಯಾದ ಎಫ್‌ಡಿಎ 2013ರಲ್ಲಿ ಕೊಟ್ಟಿದ್ದ ಮಾರ್ಗಸೂಚಿ, ಕಡು ಚರ್ಮದವರು ಕನಿಷ್ಠ ಇಬ್ಬರು ಅಥವಾ ಒಟ್ಟಿನಲ್ಲಿ ಶೇ 15, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇರಲಿ ಎಂಬುದು. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೊತ್ತೊಯ್ದದ್ದು ಇಂಥ ಯಂತ್ರವನ್ನೇ. ಅದನ್ನು ಎಸೆಯಬೇಡಿ, ಒಂದು ಅಂಕಿಗಿಂತ ಅದು ಇಳಿಯುತ್ತಿದೆಯೇ ಎಂಬುದನ್ನು ನೋಡಿ, ಉಸಿರಾಟ ಕಷ್ಟವಾಗಿದ್ದರೆ ಅಂಕಿ ಚೆನ್ನಾಗಿದ್ದರೂ ವೈದ್ಯರ ಹತ್ತಿರ ಹೋಗಿ.

ಅಳತೆಯ ಹೆಸರಿನಲ್ಲಿ ತರತಮ ಮಾಡುವುದನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. 1901ರ ಜನಗಣತಿ ನಡೆಸಿದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ-ಉದ್ದದ ಅನುಪಾತ ಹಿಡಿದು ಜಾತಿಗಳ ಮೇಲುಕೀಳು ಹೇಳಹೊರಟ; ಮೂಗು ಅಗಲವಾದಷ್ಟೂ ಸ್ಥಾನ ಕೆಳಗೆ ಎಂಬುದು ಅವನ 'ನಿಯಮ'. ಬೆರಳಚ್ಚನ್ನು ಆಡಳಿತಕ್ಕೆ ಬಳಸಲು ಬ್ರಿಟಿಷರು ಶುರುಮಾಡಿದ್ದು 1877ರಲ್ಲಿ ಬಂಗಾಳದ ಹೂಗ್ಲಿಯಲ್ಲಿ. ಇವತ್ತು ಪಡಿತರ ಅಂಗಡಿಯ ಯಂತ್ರದ ಮುಂದೆ, ಗಾರೆ ಕೆಲಸದಲ್ಲಿ ರೇಖೆ ಸವೆದ ಬೆರಳು ಮತ್ತೆ ಮತ್ತೆ ಒತ್ತಿ ನಿಂತವರನ್ನು ನೀವೂ ನೋಡಿರಬಹುದು. ಯಂತ್ರಕ್ಕೆ ಅವರ ಜಾತಿ ಗೊತ್ತಿಲ್ಲ. ಯಾವ ಜಾತಿಯವರ ಬೆರಳು ಹೆಚ್ಚು ಸವೆದಿರುತ್ತದೆ ಎಂಬುದು ನಮಗೆ ಗೊತ್ತು.

ಹಾಗೆಂದು ಜನಾಂಗ ಮತ್ತು ಜಾತಿ ಒಂದೇ ಎಂದು ನಾನು ಹೇಳುತ್ತಿಲ್ಲ. ಬದಲಿ ಅಳತೆಯ ಉಪದ್ರವ ಮಾತ್ರ ಎರಡು ಕಡೆಯೂ ಒಂದೇ ಥರ. ಸಿಕಲ್ ಸೆಲ್ ಅನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಅದು ಕಪ್ಪು ಜನರ ಕಾಯಿಲೆ ಎಂದೇ ಗಣಿಸಲಾಗಿತ್ತು. 1952ರಲ್ಲಿ ಅದು ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕ್ಕಿತು. ನಮ್ಮ ಮೈಸೂರು, ಚಾಮರಾಜನಗರದ ಕಾಡಂಚಿನ ಆದಿವಾಸಿಗಳಲ್ಲೂ ಇದೆ. ಅದು ಬೆಳೆದದ್ದು ಮಲೇರಿಯಾ ಇದ್ದಲ್ಲಿ. ಬಣ್ಣ ನೋಡಿ ಕಾಯಿಲೆ ಹುಡುಕಿದವರಿಗೆ ಸೊಳ್ಳೆ ಕಾಣಲಿಲ್ಲ.

ಈಗ ಮೊಮ್ಮಗಳ ಪ್ರಾಜೆಕ್ಟು. ಅವಳ ಸಾಫ್ಟ್‌ವೇರ್ 'ಶಾಲೆ ಬಿಟ್ಟವರು' ಎಂದು ಯಾರನ್ನು ಎಣಿಸಿ ಕಲಿಯುತ್ತಿದೆ ಎಂದು ಮೊದಲು ಕೇಳಿ. ಹಾಜರಿ ಪುಸ್ತಕದಿಂದ ಎಂದರೆ, ಕಬ್ಬು ಕಡಿಯಲು ಅಪ್ಪ-ಅಮ್ಮನ ಜೊತೆ ಮೂರು ತಿಂಗಳು ಹೋಗಿ ಮರಳಿ ಬರುವ ಮಗುವೂ ಗೈರು, ಮದುವೆ ನಿಶ್ಚಯವಾಗಿ ಇನ್ನೆಂದೂ ಬಾರದ ಹುಡುಗಿಯೂ ಗೈರು. ಟಿಸಿ ತೆಗೆದುಕೊಂಡು ಪಟ್ಟಣದ ಕಾನ್ವೆಂಟಿಗೆ ಸೇರಿದ ಮಗು ದಾಖಲೆಯಲ್ಲಿ ಶುದ್ಧ. ಟಿಸಿ ಇಲ್ಲದೆ ಬೇರೆ ತಾಲ್ಲೂಕಿನ ಶಾಲೆಯಲ್ಲಿ ಕೂತ ಮಗು ಶಾಲೆ ಬಿಟ್ಟ ಮಗು. ಊರು, ಮನೆಯಿಂದ ಶಾಲೆಗೆ ಇರುವ ದೂರ, ಹಾಸ್ಟೆಲಿನ ಹೆಸರು, ವಿದ್ಯಾರ್ಥಿವೇತನದ ಬಗೆ, ಈ ಕಾಲಂಗಳು ಉಳಿದಿದ್ದರೆ ಜಾತಿಯ ಕಾಲಂ ಅಳಿಸಿದ್ದು ಬರೀ ಕಣ್ಣೊರೆಸುವ ಕೆಲಸ. ಹಾಸ್ಟೆಲಿನ ಹೆಸರೊಂದೇ ಸಾಕು.

ಅಂಕ ಬಂದ ಮೇಲೆ ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ಕೇಳಿ. ಮನೆಗೆ ಹೋಗಿ ಮಾತಾಡಿಸುವ ಶಿಕ್ಷಕರಿಗಾದರೆ ಒಂದು ಥರ. ಹತ್ತನೇ ತರಗತಿಯ ಫಲಿತಾಂಶ ಕೆಡದಿರಲಿ ಎಂದು ಒಂಬತ್ತರಲ್ಲೇ ಮಕ್ಕಳನ್ನು ಸಾಗಹಾಕುವ ಆಡಳಿತ ಮಂಡಳಿಗಾದರೆ ಇನ್ನೊಂದು ಥರ. ಅದೇ ಪ್ರೋಗ್ರಾಂ, ಅದೇ ನಿಖರತೆ.

ಕೊನೆಗೆ, ಅಳಿಸಿದ ಕಾಲಂ ಅನ್ನು ಅವಳು ಮರಳಿ ತರಲಿ, ಆದರೆ ಯಂತ್ರಕ್ಕೆ ಉಣ್ಣಿಸಲು ಅಲ್ಲ. ಹೆಸರುಗಳನ್ನು ತೆಗೆದು, ಶಾಲೆಯ ಮತ್ತು ಪೋಷಕರ ಒಪ್ಪಿಗೆ ಪಡೆದು, ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಲಿ. ಪ್ರೋಗ್ರಾಂ ಓಡಿದ ಮೇಲೆ, ಒಂದೇ ಅಂಕ ಬಂದ ಮಕ್ಕಳಲ್ಲಿ ನಿಜವಾಗಿ ಶಾಲೆ ಬಿಟ್ಟವರು ಯಾವ ಗುಂಪಿನಲ್ಲಿ ಎಷ್ಟು ಎಂದು ತಾಳೆ ನೋಡಲಿ. ಓಬರ್‌ಮಯರ್ ತಂಡಕ್ಕೆ ತಪ್ಪು ಸಿಕ್ಕಿದ್ದು ಆಸ್ಪತ್ರೆಯ ದಾಖಲೆಯಲ್ಲಿ ರೋಗಿಯ ಜನಾಂಗ ಬರೆದಿದ್ದರಿಂದಲೇ. ಸಾಫ್ಟ್‌ವೇರಿನಂತೆ ದಾಖಲೆಯೂ ಅದನ್ನು ಅಳಿಸಿಬಿಟ್ಟಿದ್ದರೆ ಆ 4.8 ಮತ್ತು 3.8ರ ಅಂತರ ಯಾರಿಗೂ ಕಾಣುತ್ತಿರಲಿಲ್ಲ.